ಕಾಗೆಬಂಗಾರದ ಮೇಲೆ ಒಣಗಿದ ಹನಿ

ಮಾರ್ಚ್ ತಿಂಗಳಲ್ಲಿ ನಮ್ಮ ಮನೆಯ ಹಿತ್ತಲಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದರು. ಆ ಹೊತ್ತಿಗೆ ತುಮಕೂರಿನಲ್ಲಿ ಎಲ್ಲಿ ನೋಡಿದರೂ ಹುಣಸೆಯೇ. ಎಪಿಎಂಸಿ ಯಾರ್ಡಿನ ಕಡೆ ಹೋದರೆ ಹುಳಿ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ಅಮ್ಮ ಮತ್ತು ಪಕ್ಕದ ಮನೆಯವರು ಸಿಪ್ಪೆ ಬಿಡಿಸಿ, ನಾರು ಎಳೆದು, ಕಲ್ಲಿನ ಮೇಲಿಟ್ಟು ಬೀಜ ತೆಗೆಯುತ್ತಿದ್ದರು. ಬೀಜದ ರಾಶಿಯಿಂದ ನಾನು ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿಕೊಂಡೆ.

"ಚೌಕಾಬಾರ ಆಡೋಕಾ?" ಅಂತ ಅಮ್ಮ ಕೇಳಿದರು.

"ಅಲ್ಲ, ಲ್ಯಾಬಿಗೆ" ಅಂದೆ.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಾಸ ಮಾತ್ರ ತುಮಕೂರಲ್ಲೇ. ಬೆಳಗಿನ ರೈಲು ಹತ್ತಿದರೆ ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ ದಾಟಿ ಯಶವಂತಪುರ. ಸೀಟು ಸಿಕ್ಕಿದ ದಿನ ಓದುತ್ತೇನೆ, ಸಿಗದ ದಿನ ಬಾಗಿಲ ಹತ್ತಿರ ನಿಂತು ಯೋಚಿಸುತ್ತೇನೆ. ನನ್ನ ಕೆಲಸ ಕವಲೊಡೆದ ಪಾಲಿಮರ್‌ಗಳ ಮೇಲೆ. ಅವು ಒಂದು ಮೇಲ್ಮೈ ಮೇಲೆ ಕೂತಾಗ ಬಿಡಿಬಿಡಿಯಾಗಿ ಕೂರುತ್ತವಾ, ಗುಂಪು ಕಟ್ಟುತ್ತವಾ, ಗುಂಪು ಕಟ್ಟಿದರೆ ಯಾವಾಗ ಕಟ್ಟಿದವು ಅನ್ನುವುದು ನನ್ನ ಪ್ರಶ್ನೆ. ನಾಲ್ಕು ವರ್ಷದಿಂದ ಇದೇ.

ಪಾಲಿಮರ್ ಅಂದರೆ ಒಂದೇ ಥರದ ಚಿಕ್ಕ ತುಣುಕುಗಳು ಸಾಲಾಗಿ ಕೂಡಿಕೊಂಡ ದೊಡ್ಡ ಅಣು. ನೀರಿನ ಬಾಟಲಿಯ ಪ್ಲಾಸ್ಟಿಕ್ ತೆಗೆದುಕೊಂಡರೆ ಅದರೊಳಗಿರುವುದು ಉದ್ದನೆಯ ದಾರ. ನಾನು ನೋಡುವುದು ದಾರ ಅಲ್ಲ, ಮರ. ನಡುವೆ ಒಂದು ಬುಡ. ಅದರಿಂದ ನಾಲ್ಕು ಕೊಂಬೆ. ಒಂದೊಂದು ಕೊಂಬೆಯೂ ಎರಡಾಗುತ್ತದೆ, ಆ ಎರಡು ಮತ್ತೆ ಎರಡೆರಡಾಗುತ್ತವೆ. ಇದಕ್ಕೆ ಡೆಂಡ್ರಿಮರ್ ಅಂತ ಹೆಸರು. ಗ್ರೀಕ್ ಭಾಷೆಯಲ್ಲಿ ಡೆಂಡ್ರಾನ್ ಅಂದರೆ ಮರ. 1978ರಲ್ಲಿ ಜರ್ಮನಿಯ ಫ್ರಿಟ್ಸ್ ಫೋಗ್ಟ್‌ಲೆ ಮತ್ತು ಜೊತೆಗಾರರು ಹೀಗೆ ಹಂತ ಹಂತವಾಗಿ ಕವಲು ಕಟ್ಟುವ ದಾರಿ ತೋರಿಸಿದರು. 1985ರಲ್ಲಿ ಅಮೆರಿಕದ ಡೊನಾಲ್ಡ್ ಟೊಮಾಲಿಯಾ ಅವರ ತಂಡ ಪಮಾಮ್ ಅನ್ನುವ ಡೆಂಡ್ರಿಮರ್ ಬಗ್ಗೆ ಬರೆಯಿತು. ನಾನು ದಿನಾ ಮುಟ್ಟುವುದು ಈ ಪಮಾಮನ್ನೇ.

ಒಂದೊಂದು ಸುತ್ತಿನ ಕವಲಿಗೂ ಇಂಗ್ಲಿಷಿನವರು ಜನರೇಶನ್ ಅನ್ನುತ್ತಾರೆ. ನನ್ನ ನೋಟ್ಸ್‌ನಲ್ಲಿ ನಾನು ತಲೆಮಾರು ಅಂತ ಬರೆದುಕೊಳ್ಳುತ್ತೇನೆ. ಸೊನ್ನೆಯ ತಲೆಮಾರಿನಲ್ಲಿ 4 ತುದಿ, ಮೊದಲನೆಯದರಲ್ಲಿ 8, ನಾಲ್ಕನೆಯದರಲ್ಲಿ 64. ನಾಲ್ಕನೇ ತಲೆಮಾರಿನ ಪಮಾಮ್ ನೀರಿನಲ್ಲಿ ಸುಮಾರು 4.5 ನ್ಯಾನೋಮೀಟರ್ ಅಗಲದ ಉಂಡೆ. ತಲೆಗೂದಲಿನ ದಪ್ಪ ಹತ್ತಿರ ಹತ್ತಿರ 80,000 ನ್ಯಾನೋಮೀಟರ್. ಒಂದು ಕೂದಲಿನ ಅಡ್ಡಕ್ಕೆ ಇಂಥ ಉಂಡೆಗಳನ್ನು ಸಾಲಾಗಿ ಇಟ್ಟರೆ ಹದಿನೇಳು ಸಾವಿರಕ್ಕೂ ಜಾಸ್ತಿ ಹಿಡಿಯುತ್ತವೆ.

ಇಷ್ಟು ಚಿಕ್ಕದನ್ನು ಬೆಳಕಿನಲ್ಲಿ ನೋಡಲು ಆಗುವುದಿಲ್ಲ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯೇ 400ರಿಂದ 700 ನ್ಯಾನೋಮೀಟರ್ ಉದ್ದ. ಹಾಗಾಗಿ ನೋಡುವ ಬದಲು ತಡವಬೇಕು. ಅದಕ್ಕೆ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ಇದೆ. ಎಎಫ್‌ಎಂ ಅಂತೀವಿ. 1986ರಲ್ಲಿ ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್ ಮತ್ತು ಕ್ರಿಸ್ಟೋಫ್ ಗೆರ್ಬರ್ ಇದನ್ನು ಮಾಡಿದರು. ಇದರಲ್ಲಿ ಮಾದರಿಯನ್ನು ನೋಡುವ ಮಸೂರ ಇಲ್ಲ. ಒಂದು ಚಿಕ್ಕ ಸಿಲಿಕಾನ್ ಪಟ್ಟಿ, ಅದರ ತುದಿಯಲ್ಲಿ ಒಂದು ಮೊನೆ. ಮೊನೆಯ ದುಂಡು ಸುಮಾರು 10 ನ್ಯಾನೋಮೀಟರ್. ಪಟ್ಟಿ ಸೆಕೆಂಡಿಗೆ ಮೂರು ಲಕ್ಷ ಸಲದ ಹತ್ತಿರ ಅಲುಗುತ್ತಾ, ಮೇಲ್ಮೈಯನ್ನು ಮೆಲ್ಲಗೆ ತಟ್ಟುತ್ತಾ, ಸಾಲು ಸಾಲಾಗಿ ಸಾಗುತ್ತದೆ. ಉಬ್ಬು ಬಂದರೆ ಮೊನೆಯನ್ನು ಮೇಲೆತ್ತಬೇಕು, ತಗ್ಗು ಬಂದರೆ ಇಳಿಸಬೇಕು. ಪಟ್ಟಿಯ ಬೆನ್ನಿನ ಮೇಲೆ ಬಿದ್ದು ತಿರುಗುವ ಲೇಸರ್ ಬೆಳಕು ಅದನ್ನು ತಿಳಿಸುತ್ತಾ ಹೋಗುತ್ತದೆ. ಎಷ್ಟು ಎತ್ತಿದೆವು, ಎಷ್ಟು ಇಳಿಸಿದೆವು ಅನ್ನುವ ಲೆಕ್ಕವೇ ಕೊನೆಗೆ ಚಿತ್ರವಾಗುತ್ತದೆ.

ಮನೆಯಲ್ಲಿ ಇದನ್ನು ವಿವರಿಸಲು ನನಗೆ ಕಷ್ಟ ಆಗಲಿಲ್ಲ. ತಾತ ಇದ್ದಾರಲ್ಲ. ಅವರು ಶಿರಾ ಕಡೆಯ ಹಳ್ಳಿಯಲ್ಲಿ ಕಂಬಳಿ ನೇಯುತ್ತಿದ್ದವರು. ಈಗ ವಯಸ್ಸಾಗಿ ನಮ್ಮ ಜೊತೆ ತುಮಕೂರಿನಲ್ಲಿದ್ದಾರೆ. ಕಣ್ಣು ಮಂಜಾಗಿದೆ. ಆದರೆ ಕಂಬಳಿ ಕೈಗೆ ಕೊಟ್ಟರೆ ಬೆರಳಾಡಿಸಿ, ಎಲ್ಲಿ ಎಳೆ ಕಿತ್ತು ಗಂಟು ಹಾಕಿದ್ದಾರೆ, ಎಲ್ಲಿ ಹೊಕ್ಕು ಸಡಿಲ ಬಿದ್ದಿದೆ ಅಂತ ಹೇಳುತ್ತಾರೆ. "ನಮ್ಮ ಮೆಷಿನ್ನೂ ಹಿಂಗೇ ತಾತ, ಬೆರಳಲ್ಲಿ ನೋಡತ್ತೆ" ಅಂದೆ. ತಕ್ಷಣ ಅರ್ಥವಾಯಿತು. "ಬೆರಳು ದಪ್ಪ ಇದ್ರೆ ಸಣ್ಣ ಗಂಟು ತಿಳಿಯಲ್ಲ, ಅಲ್ವಾ?" ಅಂತ ತಿರುಗಿ ಕೇಳಿದರು. ಎಎಫ್‌ಎಂ ಕಲಿಸುವ ಮೇಷ್ಟ್ರುಗಳು ಮೊದಲ ವಾರ ಹೇಳುವ ಮಾತು ಇದೇ. ಮೊನೆಯ ದುಂಡು ಅಣುವಿಗಿಂತ ದೊಡ್ಡದಿದ್ದರೆ ಅಣು ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ನನ್ನ 4.5 ನ್ಯಾನೋಮೀಟರಿನ ಉಂಡೆ ಚಿತ್ರದಲ್ಲಿ 15 ನ್ಯಾನೋಮೀಟರ್ ಅಗಲ ಬರುತ್ತದೆ. ಎತ್ತರ ಮಾತ್ರ ಹೆಚ್ಚುಕಡಿಮೆ ನಂಬಬಹುದು. ಆ ಎತ್ತರ 1 ನ್ಯಾನೋಮೀಟರ್ ಆಸುಪಾಸು, ಯಾಕೆಂದರೆ ಈ ಮೆತ್ತನೆಯ ಮರಗಳು ಮೇಲ್ಮೈಗೆ ಅಂಟಿಕೊಂಡಾಗ ತಟ್ಟೆಯ ಮೇಲೆ ಒತ್ತಿದ ಬಿಸಿ ಮುದ್ದೆಯ ಹಾಗೆ ಹರಡಿಕೊಳ್ಳುತ್ತವೆ.

ಮೇಲ್ಮೈ ಯಾವುದು ಅಂದರೆ, ಕಾಗೆಬಂಗಾರ, ಇಂಗ್ಲಿಷಿನಲ್ಲಿ ಮೈಕಾ. ಚಿಕ್ಕವಳಿದ್ದಾಗ ತಾತನ ಊರಿನ ಹೊಲದಲ್ಲಿ ಮಿಂಚುವ ಚೂರು ಸಿಕ್ಕರೆ ಉಗುರಿನಲ್ಲಿ ಎಸಳು ಎಸಳಾಗಿ ಬಿಡಿಸುತ್ತಾ ಕೂರುತ್ತಿದ್ದೆ. ಈಗಲೂ ಅದೇ ಕೆಲಸ, ಉಗುರಿನ ಬದಲು ಸೆಲ್ಲೋಟೇಪ್. ಟೇಪು ಅಂಟಿಸಿ ಎಳೆದರೆ ಮೇಲಿನ ಪದರ ಕಿತ್ತು ಬರುತ್ತದೆ. ಕೆಳಗೆ ಯಾರೂ ಮುಟ್ಟದ, ಅಣುಮಟ್ಟದಲ್ಲಿ ಸಪಾಟಾದ ಹೊಸ ಮುಖ ಸಿಗುತ್ತದೆ. ಅದರ ಒಂದೊಂದು ಪದರ ಸುಮಾರು 1 ನ್ಯಾನೋಮೀಟರ್ ದಪ್ಪ. ನೀರು ಬಿದ್ದರೆ ಆ ಮುಖಕ್ಕೆ ಋಣ ಚಾರ್ಜ್ ಬರುತ್ತದೆ. ಪಮಾಮ್‌ನ ತುದಿಗಳಲ್ಲಿರುವುದು ಅಮೈನ್, ಅಂದರೆ ನೈಟ್ರೋಜನ್ ಇರುವ ಚಿಕ್ಕ ಗುಂಪು. ಮಾಮೂಲಿ ನೀರಿನಲ್ಲಿ ಅವಕ್ಕೆ ಧನ ಚಾರ್ಜ್. ಹಾಗಾಗಿ ಎರಡೂ ಒಂದನ್ನೊಂದು ಎಳೆದುಕೊಂಡು ಅಂಟುತ್ತವೆ. ಡೆಂಡ್ರಿಮರ್‌ಗಳು ಮಾತ್ರ ತಮ್ಮತಮ್ಮಲ್ಲಿ ದೂರ ತಳ್ಳಿಕೊಳ್ಳುತ್ತವೆ. ಬಸ್ಸಿನಲ್ಲಿ ಅಪರಿಚಿತರು ಒಂದೊಂದು ಸೀಟು ಬಿಟ್ಟು ಕೂರುವ ಹಾಗೆ.

ಮೊದಲ ವರ್ಷದ ಒಂದು ರಾತ್ರಿ ನೆನಪಾಗುತ್ತದೆ. ನನಗೆ ಮೆಷಿನ್ ಸಿಕ್ಕಿದ್ದು ರಾತ್ರಿ ಹತ್ತರಿಂದ ಎರಡು ಗಂಟೆಗೆ. ರಸ್ತೆಯಲ್ಲಿ ಲಾರಿ ಕಡಿಮೆಯಾದ ಮೇಲೆ ಚಿತ್ರ ನಿಂತು ಬರುತ್ತದೆ, ಹಾಗಾಗಿ ಆ ಹೊತ್ತಿಗೆ ಬೇಡಿಕೆ ಜಾಸ್ತಿ. ಉಪ್ಪಿನ ಬಫರ್‌ನಲ್ಲಿ (ಹುಳಿ-ಕ್ಷಾರದ ಹದ ಕದಲದ ಹಾಗೆ ಕಾಯುವ ಉಪ್ಪುನೀರು) ಕರಗಿಸಿದ ಡೆಂಡ್ರಿಮರ್‌ನ ಒಂದು ಹನಿಯನ್ನು ಕಾಗೆಬಂಗಾರದ ಮೇಲೆ ಹಾಕಿ ಒಣಗಿಸಿ ಇಟ್ಟಿದ್ದೆ. ಪರದೆಯ ಮೇಲೆ ಸಾಲು ಸಾಲಾಗಿ ಚಿತ್ರ ಇಳಿಯುತ್ತಾ ಬಂತು. ಕಾಂಡ, ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಜರೀಗಿಡದ ಎಲೆಯ ಹಾಗೆ. ಮರದಂಥ ಅಣುಗಳು ಒಟ್ಟುಗೂಡಿ ಮರವನ್ನೇ ಕಟ್ಟಿವೆ ಅಂದುಕೊಂಡೆ. ಎದೆ ಜೋರಾಗಿ ಹೊಡೆದುಕೊಂಡಿತು. ಆ ರಾತ್ರಿ ಹಾಸ್ಟೆಲ್‌ನಲ್ಲಿ ಗೆಳತಿಯ ರೂಮಿನಲ್ಲಿ ಉಳಿದೆ, ನಿದ್ದೆ ಮಾತ್ರ ಬರಲಿಲ್ಲ.

ಬೆಳಿಗ್ಗೆ ನನ್ನ ಗೈಡ್ ಚಿತ್ರ ನೋಡಿ ಒಂದೇ ಪ್ರಶ್ನೆ ಕೇಳಿದರು. "ಡೆಂಡ್ರಿಮರ್ ಹಾಕದೆ ಬರೀ ಬಫರ್ ಒಣಗಿಸಿ ನೋಡಿದ್ದೀಯಾ?"

ನೋಡಿರಲಿಲ್ಲ. ಅವತ್ತೇ ನೋಡಿದೆ. ಅದೇ ಜರೀಗಿಡ, ಅದೇ ಕೊಂಬೆ. ಎಲ್ಲವೂ ಉಪ್ಪು. ನೀರು ಆರುವಾಗ ಉಪ್ಪು ಹಾಗೆ ಕವಲೊಡೆದು ಬೆಳೆಯುತ್ತದೆ. ಎತ್ತರ ಅಳೆದಿದ್ದರೂ ಸಾಕಿತ್ತು, 40 ನ್ಯಾನೋಮೀಟರ್ ಇತ್ತು. 1 ನ್ಯಾನೋಮೀಟರಿನ ಅಣುಗಳು ಸುಮ್ನೆ ಅಷ್ಟು ಎತ್ತರಕ್ಕೆ ಏರುವುದಿಲ್ಲ. ಅವತ್ತು ತುಂಬಾ ಬೇಜಾರಾಯಿತು. ಆದರೆ ಆ ಪ್ರಶ್ನೆ ನನ್ನ ಜೊತೆ ಉಳಿಯಿತು. ಅಲ್ಲಿಂದ ಇಲ್ಲಿಯವರೆಗೆ, ಮಾದರಿ ಇಡುವ ಮೊದಲು ಖಾಲಿ ಕಾಗೆಬಂಗಾರ ಒಂದು, ಬರೀ ನೀರು ಒಣಗಿಸಿದ್ದು ಒಂದು, ಬರೀ ಬಫರ್ ಒಣಗಿಸಿದ್ದು ಒಂದು ನೋಡದೆ ಮುಂದೆ ಹೋಗಿಲ್ಲ.

ಇನ್ನೊಂದು ಮೋಸ ಮೊನೆಯದು. ಮೊನೆ ಮುರಿದು ಎರಡು ತುದಿಯಾಗಿದ್ದರೆ ಪ್ರತಿ ಉಂಡೆಯೂ ಜೋಡಿಯಾಗಿ ಕಾಣುತ್ತದೆ. ಆಹಾ, ಅಣುಗಳು ಎರಡೆರಡಾಗಿ ಕೂಡಿವೆ ಅನ್ನಿಸುತ್ತದೆ. ಆದರೆ ಎಲ್ಲ ಜೋಡಿಗಳೂ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಮಾದರಿಯನ್ನು 90 ಡಿಗ್ರಿ ತಿರುಗಿಸಿ ಮತ್ತೆ ನೋಡಬೇಕು. ಜೋಡಿಗಳೂ ತಿರುಗಿದರೆ ಅವು ನಿಜ. ತಿರುಗದಿದ್ದರೆ ಮೊನೆ ಬದಲಿಸಬೇಕು. ಅಷ್ಟೇ.

ನನ್ನನ್ನು ಜಾಸ್ತಿ ದಿನ ಕಾಡಿದ್ದು ಒಣಗುವುದು.

ಕಾಫಿ ಲೋಟದಿಂದ ಮೇಜಿನ ಮೇಲೆ ಒಂದು ಹನಿ ಬಿದ್ದು ಒಣಗಿದರೆ ಏನಾಗುತ್ತದೆ ನೋಡಿ. ನಡುವೆ ತೆಳ್ಳಗೆ, ಅಂಚಿನಲ್ಲಿ ಕಡು ಕಂದು ಬಳೆ. ಹನಿಯ ಅಂಚು ಕದಲದೆ ಅಲ್ಲೇ ಕಚ್ಚಿಕೊಂಡಿರುತ್ತದೆ. ಅಂಚಿನಲ್ಲಿ ನೀರು ಬೇಗ ಆರುತ್ತದೆ. ಆರಿದ್ದನ್ನು ತುಂಬಲು ನಡುವಿನ ನೀರು ಅಂಚಿನ ಕಡೆ ಹರಿಯುತ್ತದೆ, ಹೋಗುವಾಗ ಕಾಫಿ ಪುಡಿಯನ್ನೂ ಎಳೆದುಕೊಂಡು ಹೋಗುತ್ತದೆ. 1997ರಲ್ಲಿ ರಾಬರ್ಟ್ ಡೀಗನ್ ಮತ್ತು ಜೊತೆಗಾರರು ಇದನ್ನು ಬಿಡಿಸಿ ಹೇಳಿದರು. ಕಾಗೆಬಂಗಾರದ ಮೇಲಿನ ನನ್ನ ಹನಿಗೂ ಇದೇ ಆಗುತ್ತದೆ. ಒಂದೇ ಹನಿ, ಒಂದೇ ದ್ರಾವಣ. ಅಂಚಿನ ಹತ್ತಿರ ಮೊನೆ ಇಟ್ಟರೆ ರಾಶಿ ರಾಶಿ ಗಡ್ಡೆ. ಸ್ವಲ್ಪ ಒಳಗೆ ಬಂದರೆ ಬಲೆಯ ಹಾಗೆ ಹೆಣೆದ ಸಾಲು. ನಡುವೆ ಚದುರಿದ ಬಿಡಿ ಚುಕ್ಕಿ. ಯಾವ ಚಿತ್ರವನ್ನು ಪ್ರಬಂಧಕ್ಕೆ ಹಾಕುವುದು? ಚೆನ್ನಾಗಿ ಕಂಡದ್ದನ್ನು ಹಾಕಿದರೆ ಅದು ಹನಿಯ ಯಾವುದೋ ಒಂದು ಮೂಲೆಯ ಚಿತ್ರವೇ ಹೊರತು ಅಣುವಿನ ಸ್ವಭಾವ ಅಲ್ಲ.

ಗಡ್ಡೆಗಳು ನೀರಿನಲ್ಲೇ ಇದ್ದವಾ? ಇಲ್ಲ, ನೀರು ಆರುವ ಕೊನೆಯ ಕೆಲವು ನಿಮಿಷದಲ್ಲಿ ಕಟ್ಟಿದವಾ?

ಇದನ್ನು ತಲೆಯಲ್ಲಿ ಹೊತ್ತುಕೊಂಡು ಒಂದು ಭಾನುವಾರ ಜಗಲಿಯ ಮೇಲೆ ಕೂತಿದ್ದೆ. ತಾತ ಅವರ ಹಳೆಯ ಕೆಲಸದ ಮಾತು ತೆಗೆದರು. ಕಂಬಳಿ ನೇಯುವ ಮೊದಲು ಹಾಸಿನ ಎಳೆಗಳನ್ನು ಬೀದಿಯ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಕುರಿಯ ಉಣ್ಣೆಯ ಎಳೆಯಿಂದ ಸಣ್ಣ ಸಣ್ಣ ಕೂದಲು ಎದ್ದು ನಿಂತಿರುತ್ತವೆ. ಗಂಜಿ ಅವನ್ನು ಮಲಗಿಸಿ ಅಂಟಿಸುತ್ತದೆ. ಆಗ ಲಾಳಿ ಓಡುವಾಗ ಎಳೆ ಉಜ್ಜಿ ಕಿತ್ತುಹೋಗುವುದಿಲ್ಲ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಬೇಕು. ಅದು ಮನೆಯ ಹೆಂಗಸರ ಕೆಲಸ, ಅಜ್ಜಿ ಮಾಡುತ್ತಿದ್ದರು. ಹಚ್ಚುವುದು ಮಾತ್ರ ತಾತ, ದೊಡ್ಡ ಕುಂಚ ಹಿಡಿದು, ಆ ತುದಿಯಿಂದ ಈ ತುದಿಗೆ.

"ಹಚ್ಚೋದು ದೊಡ್ಡದಲ್ಲ ಮಗ" ಅಂದರು. "ಆರೋವರ್ಗೂ ಕುಂಚ ನಿಲ್ಲಿಸ್ಬಾರದು. ಅರ್ಧಕ್ಕೆ ಬಿಟ್ರೆ ಎಳೆಗೆ ಎಳೆ ಅಂಟ್ಕೊಂಡು ಕೂತ್ಬಿಡತ್ತೆ. ಮೋಡ ಇದ್ರೆ ಹಚ್ಚೋಕೇ ಹೋಗ್ತಿರ್ಲಿಲ್ಲ."

ಎಷ್ಟೋ ಸಲ ಕೇಳಿದ ಮಾತು. ಆದರೆ ಅವತ್ತು ಬೇರೆ ಥರ ಕೇಳಿಸಿತು. ಗಂಜಿಯಲ್ಲಿರುವ ಅಣು ಅದೇ, ಎಳೆಯೂ ಅದೇ. ಬಿಸಿಲು, ಗಾಳಿ, ಕುಂಚದ ಕೈ ಇವುಗಳ ಮೇಲೆ ಅಂಟುವ ರೀತಿ ಬದಲಾಗುತ್ತದೆ. ತಾತನಿಗೆ ಇದು ಕೈಯಲ್ಲಿ ಗೊತ್ತಿತ್ತು. ನಾನು ಅದನ್ನು ಅಳೆದು ತೋರಿಸಬೇಕಿತ್ತು.

ಮಾರನೇ ವಾರದಿಂದ ಎರಡು ಪ್ರಯೋಗ ಶುರು ಮಾಡಿದೆ. ಮೊದಲನೆಯದು, ಒಣಗಲು ಬಿಡದಿರುವುದು. ಹನಿ ಹಾಕಿ ಐದು ನಿಮಿಷ ಕಾಯುವುದು. ಅಂಟಬೇಕಾದ್ದು ಅಷ್ಟರಲ್ಲಿ ಅಂಟುತ್ತದೆ. ಆಮೇಲೆ ಶುದ್ಧ ನೀರಿನಲ್ಲಿ ತೊಳೆದು, ನೈಟ್ರೋಜನ್ ಊದಿ ಒಂದೇ ಏಟಿಗೆ ಒಣಗಿಸುವುದು. ಎರಡನೆಯದು, ದ್ರಾವಣವನ್ನು ತೆಳು ಮಾಡುತ್ತಾ ಹೋಗುವುದು. ಒಂದು ಮಿಲಿಲೀಟರ್ ನೀರಿಗೆ 100 ಮೈಕ್ರೋಗ್ರಾಂ, ಆಮೇಲೆ 10, ಆಮೇಲೆ 1. ಗಡ್ಡೆಗಳು ಮೊದಲೇ ನೀರಿನಲ್ಲಿ ಗಟ್ಟಿಯಾಗಿ ಕಟ್ಟಿದ್ದರೆ, ತೆಳು ಮಾಡಿದಾಗ ಅವುಗಳ ಎಣಿಕೆ ಕಡಿಮೆಯಾಗಬೇಕು, ಗಾತ್ರ ಹಾಗೇ ಇರಬೇಕು. ಒಣಗುವಾಗ ಕಟ್ಟಿದ್ದಾದರೆ ಗಾತ್ರವೂ ಕುಗ್ಗುತ್ತಾ ಬರಬೇಕು. ಹಿಟ್ಟಿನಲ್ಲಿ ಗಂಟು ಮೊದಲೇ ಇತ್ತಾ, ಕಲಸುವಾಗ ಆಯಿತಾ ಅಂತ ಹುಡುಕಿದ ಹಾಗೆ.

ಡೆಂಡ್ರಿಮರ್ ಉತ್ತರ ಸ್ಪಷ್ಟವಾಗಿ ಕೊಟ್ಟಿತು. ತೊಳೆದ ಮಾದರಿಯಲ್ಲಿ ಗಡ್ಡೆಗಳು ಇರಲೇ ಇಲ್ಲ. ಬಿಡಿ ಬಿಡಿ ಚುಕ್ಕಿಗಳು, ಒಂದರಿಂದ ಒಂದು ದೂರ. ಒಣಗಿಸಿದ ಮಾದರಿಗಳಲ್ಲಿ ತೆಳು ಮಾಡಿದಷ್ಟೂ ಗಡ್ಡೆ ಚಿಕ್ಕದಾಯಿತು. ಅಂದರೆ ಮೊದಲ ಎರಡು ವರ್ಷ ನಾನು ಕೂಡಿಹಾಕಿದ ಗಡ್ಡೆಗಳಲ್ಲಿ ಹೆಚ್ಚಿನವು ನೀರು ಆರುವಾಗ ಕಟ್ಟಿದವು. ನೀರಿಗೆ ಸ್ವಲ್ಪ ಉಪ್ಪು ಸೇರಿಸಿ, ಆಮೇಲೆ ತೊಳೆದು ನೋಡಿದೆ. ಚುಕ್ಕಿಗಳು ಹತ್ತಿರ ಹತ್ತಿರ ಬಂದು ಕೂತಿದ್ದವು. ಉಪ್ಪು ಅವುಗಳ ಚಾರ್ಜನ್ನು ಮುಚ್ಚಿ, ದೂರ ತಳ್ಳುವ ಬಲ ತಗ್ಗಿಸುತ್ತದೆ, ಅದಕ್ಕೆ. ಆದರೂ ಒಂದರ ಮೇಲೊಂದು ಏರಲಿಲ್ಲ. ಎತ್ತರ 1 ನ್ಯಾನೋಮೀಟರ್ ದಾಟಲಿಲ್ಲ. ಆ ಚಿತ್ರ ನನಗೆ ಜರೀಗಿಡಕ್ಕಿಂತ ಇಷ್ಟ. ನೋಡಲು ಏನೂ ಇಲ್ಲ, ಬರೀ ಮರಳು ಚೆಲ್ಲಿದ ಹಾಗಿದೆ. ಆದರೆ ಅದರಲ್ಲಿರುವ ಪ್ರತಿ ಚುಕ್ಕಿಗೂ ನಾನು ಜವಾಬು ಕೊಡಬಲ್ಲೆ.

ಹುಣಸೆಬೀಜವನ್ನು ತಂದದ್ದು ಇದಾದ ಮೇಲೆ. ತಾತನ ಗಂಜಿಯೂ ಕವಲೊಡೆದ ಪಾಲಿಮರ್ರೇ. ಅದರ ಹೆಸರು ಝೈಲೋಗ್ಲುಕನ್. ಹತ್ತಿಯ ನಾರಿನಲ್ಲಿರುವ ಸೆಲ್ಯುಲೋಸ್‌ಗೆ ಯಾವ ಬೆನ್ನೆಲುಬೋ ಇದಕ್ಕೂ ಅದೇ, ಗ್ಲೂಕೋಸ್‌ಗಳ ಉದ್ದನೆಯ ಸಾಲು. ನಾಲ್ಕು ಗ್ಲೂಕೋಸ್‌ಗೆ ಸುಮಾರು ಮೂರರ ಹಾಗೆ ಪಕ್ಕದಲ್ಲಿ ಝೈಲೋಸ್ ಅನ್ನುವ ಇನ್ನೊಂದು ಸಕ್ಕರೆ ಜೋತುಬಿದ್ದಿರುತ್ತದೆ. ಕೆಲವು ಝೈಲೋಸ್‌ಗೆ ಗ್ಯಾಲಕ್ಟೋಸ್. ಬೀಜ ಮೊಳೆಯುವಾಗ ಸಸಿಗೆ ಊಟವಾಗಲಿ ಅಂತ ಹುಣಸೆ ಇದನ್ನು ಬೇಳೆಯಲ್ಲಿ ಕೂಡಿಡುತ್ತದೆ. ಡೆಂಡ್ರಿಮರ್ ದುಂಡಗಿನ ಮರವಾದರೆ ಇದು ಉದ್ದನೆಯ ಬಳ್ಳಿ, ಉದ್ದಕ್ಕೂ ಚಿಕ್ಕ ಚಿಕ್ಕ ಚಿಗುರು. ಆ ಚಿಗುರುಗಳು ಇರುವುದರಿಂದಲೇ ಇದು ನೀರಿನಲ್ಲಿ ಕರಗುತ್ತದೆ. ಇಲ್ಲದಿದ್ದರೆ ಹತ್ತಿಯ ಹಾಗೆ ನೀರಿನಲ್ಲಿ ಮುಳುಗಿ ಸುಮ್ಮನಿರುತ್ತಿತ್ತು. ಗ್ಯಾಲಕ್ಟೋಸ್‌ನಲ್ಲಿ ಅರ್ಧದಷ್ಟನ್ನು ಕಿಣ್ವ ಹಾಕಿ ಕತ್ತರಿಸಿದರೆ, ಈ ದ್ರಾವಣ ಬೆಚ್ಚಗೆ ಮಾಡಿದಾಗ ಗಟ್ಟಿ ಜೆಲ್ ಆಗುತ್ತದೆ. ಚಿಗುರು ಕಡಿಮೆಯಾದಷ್ಟೂ ಬಳ್ಳಿಗೆ ಬಳ್ಳಿ ಒತ್ತಿಕೊಳ್ಳುತ್ತದೆ.

ಹಸಿ ಬೀಜದ ಸಿಪ್ಪೆ ತೆಗೆಯಲು ನನಗೆ ಒಂದು ಸಂಜೆ ಪೂರ್ತಿ ಬೇಕಾಯಿತು. ಪುಡಿ ಮಾಡಿ ಬಿಸಿ ನೀರಿನಲ್ಲಿ ಕರಗಿಸಿ, ಚರಟ ತೆಗೆದು, ಆಲ್ಕೋಹಾಲ್ ಸುರಿದೆ. ಬಿಳಿ ಎಳೆ ಎಳೆಯಾಗಿ ಮೇಲೆ ಬಂತು. ಅದನ್ನು ಒಣಗಿಸಿ ಮತ್ತೆ ನೀರಿನಲ್ಲಿ ಕರಗಿಸಿದೆ. ಇದಕ್ಕೆ ಚಾರ್ಜ್ ಇಲ್ಲ, ಹಾಗಾಗಿ ಕಾಗೆಬಂಗಾರ ಇದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ತೊಳೆದರೆ ಬಹಳಷ್ಟು ಹೋಗಿಬಿಡುತ್ತದೆ. ತೆಳು ಮಾಡಿ ನೋಡುವ ದಾರಿ ಒಂದೇ ಉಳಿದದ್ದು.

ಚಿತ್ರ ಡೆಂಡ್ರಿಮರ್‌ಗಿಂತ ಪೂರಾ ಬೇರೆ ಬಂತು. ಉದ್ದನೆಯ ಎಳೆಗಳು, ಅಲ್ಲಲ್ಲಿ ಎರಡು ಮೂರು ಎಳೆ ಅಕ್ಕಪಕ್ಕ ಕೂಡಿ ಹುರಿಗೊಳಿಸಿದ ಹಾಗೆ ದಪ್ಪ, ಆಮೇಲೆ ತುದಿಯಲ್ಲಿ ಬಿಚ್ಚಿಕೊಂಡು ಬೇರೆ ಬೇರೆ. 100ರಿಂದ 10ಕ್ಕೆ ಇಳಿಸಿದೆ. ಎಳೆಗಳ ಎಣಿಕೆ ಇಳಿಯಿತು, ಹುರಿಯ ದಪ್ಪ ಇಳಿಯಲಿಲ್ಲ. 1ಕ್ಕೆ ಇಳಿಸಿದೆ. ಚಿತ್ರದ ತುಂಬ ಖಾಲಿ ಕಾಗೆಬಂಗಾರ, ಎಲ್ಲೋ ಒಂದು ಕಡೆ ಒಂದು ಹುರಿ. ಅದೂ ಅಷ್ಟೇ ದಪ್ಪ. ಮಾದರಿ ತಿರುಗಿಸಿ ನೋಡಿದೆ, ಹುರಿಯೂ ತಿರುಗಿತು. ಬರೀ ನೀರು ಒಣಗಿಸಿದ್ದರಲ್ಲಿ ಏನೂ ಇಲ್ಲ. ಅಂದರೆ ಹುಣಸೆಯ ಈ ಬಳ್ಳಿಗಳು ನೀರಿನೊಳಗೇ ಒಂದನ್ನೊಂದು ಹಿಡಿದುಕೊಂಡಿವೆ. ಝೈಲೋಗ್ಲುಕನ್ ನೀರಿನಲ್ಲಿ ಪೂರ್ತಿ ಬಿಡಿಯಾಗಿ ಕರಗುವುದಿಲ್ಲ ಅಂತ ಬೇರೆಯವರು ಬೇರೆ ದಾರಿಗಳಿಂದ ಕಂಡುಕೊಂಡದ್ದಕ್ಕೂ ಇದು ಹೊಂದುತ್ತದೆ.

ರಾತ್ರಿ ಮನೆಗೆ ಬಂದಾಗ ತಾತ ಎದ್ದೇ ಇದ್ದರು. ಫೋನಿನಲ್ಲಿ ತೋರಿಸಿದರೆ ಕಾಣುವುದಿಲ್ಲ. ಹಾಗಾಗಿ ಅವರ ಅಂಗೈ ಮೇಲೆ ಬೆರಳಿನಲ್ಲಿ ಗೀರಿ ತೋರಿಸಿದೆ. ಹೀಗೆ ಒಂದೆಳೆ ಬರುತ್ತೆ, ಹೀಗೆ ಇನ್ನೊಂದು, ಇಲ್ಲಿ ಎರಡೂ ಕೂಡಿ ಹುರಿ, ಇಲ್ಲಿ ಮತ್ತೆ ಬಿಚ್ಚುತ್ತೆ. ಅವರು ಅಂಗೈ ಮುಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬೀಜ ಹುರಿದಿದ್ಯಾ?" ಅಂತ ಕೇಳಿದರು.

"ಇಲ್ಲ ತಾತ, ಹಸೀದೇ."

"ಹುರೀದಿದ್ರೆ ಗಂಜಿ ಬೇರೆ ಥರ ಆಗತ್ತೆ. ನಿಮ್ಮಜ್ಜಿ ಒಂದ್ಸಲ ಹಸೀದ್ರಲ್ಲಿ ಮಾಡಿ, ಕುಂಚಕ್ಕೇ ಅಂಟ್ಕೊಂಡು ಎಳೆ ಎಲ್ಲಾ ಮೇಲಕ್ಕೆ ಎದ್ದು ಬಂದಿತ್ತು."

ಈ ಭಾನುವಾರ ಅಮ್ಮನ ಕಬ್ಬಿಣದ ಬಾಣಲೆಯಲ್ಲಿ ಅರ್ಧ ಕಿಲೋ ಬೀಜ ಹುರಿದಿದ್ದೇವೆ. ಎಷ್ಟು ಹೊತ್ತು ಅಂತ ನಾನು ಗಡಿಯಾರ ನೋಡುತ್ತಿದ್ದೆ, ತಾತ ವಾಸನೆ ನೋಡುತ್ತಿದ್ದರು. ಅವರು ಸಾಕು ಅಂದಾಗ ಹದಿನಾಲ್ಕು ನಿಮಿಷ ಆಗಿತ್ತು. ಡಬ್ಬಿಯ ಮೇಲೆ ಅದನ್ನು ಬರೆದು ಬ್ಯಾಗಿಗೆ ಹಾಕಿಕೊಂಡಿದ್ದೇನೆ. ಗುರುವಾರ ರಾತ್ರಿ ಹತ್ತಕ್ಕೆ ಮೆಷಿನ್ ಸಿಕ್ಕಿದೆ.